ಕೆಸರು ಹಿಮ, ಅಡ್ಡ ಹಲಗೆ

ಏಪ್ರಿಲ್‌ನಲ್ಲಿ ಬೆಳುವಾಯಿಯಲ್ಲಿ ಬೆವರು ಒರೆಸಿ ಸಾಕಾಗುತ್ತೆ. ಇಲ್ಲಿ ಕ್ಯಾಲಿಫೋರ್ನಿಯಾದ ಟಾಹೋ ಬೆಟ್ಟದಲ್ಲಿ ಜನ ಟೀ-ಶರ್ಟ್ ಹಾಕ್ಕೊಂಡು ಸ್ಕೀ ಮಾಡ್ತಾರೆ, ನಂಬಿ ಮಾರಾಯ್ರೆ! (ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀಯಲ್ಲಿ ಪದಕ ಗೆದ್ದಿದ್ದಾರೆ, ನಮ್ಮೂರಿಗೇನು ಕಡಿಮೆ?)

ಈ ಕಾಲದ ಹಿಮ ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಹೀಗೇ ಆಗಿ ಆಗಿ ದಪ್ಪ ರವೆಯಂತೆ ಕಾಳುಕಾಳಾಗುತ್ತೆ. ಬೆಳಿಗ್ಗೆ ಬರೀ ಗಾಜು. 10-11 ಗಂಟೆಗೆ ಮೇಲ್ಪದರ ಮೆತ್ತಗಾದಾಗ ಸ್ವರ್ಗ. ಮಧ್ಯಾಹ್ನ ದಾಟಿತೋ, ಕಂಬಳದ ಕೆಸರೇ. ತೆಳು ನೀರಿದ್ದರೆ ಹಲಗೆ ಜಾರುತ್ತೆ. ನೀರು ಹೆಚ್ಚಾದರೆ ಅದೇ ನೀರು ಹಲಗೆಯನ್ನು ಹಿಡಿದುಕೊಳ್ಳುತ್ತೆ. ಹಲಗೆ ನಿಂತಿತು, ಮೈ ಮುಂದೆ ಹೋಯಿತು, ನಡುವೆ ಸಿಕ್ಕಿಬೀಳೋದು ಮೊಣಗಂಟು.

ಮೊನ್ನೆ ಮಗಳು ಸ್ನೋಬೋರ್ಡ್ ಹಿಡಿದು "ಇನ್ನೊಂದೇ ರೌಂಡ್ ಪಪ್ಪಾ" ಅಂದಾಗ ಗಂಟೆ 2. ಬೇಡ ಅಂದೆ. ಪ್ರಾಯದಲ್ಲಿ ಅಡ್ಡ ಹಲಗೆ ಮೇಲೆ ನಿಂತು ಕೋಣ ಓಡಿಸಿದ ನನ್ನಪ್ಪ ಈಗ ಮೆಟ್ಟಿಲು ಹತ್ತೋದು ಹೇಗೆ ಅಂತ ನಾನು ನೋಡಿದ್ದೇನೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ.

ರಾತ್ರಿ ಊರಿಗೆ ಫೋನು. ವಿಡಿಯೋ ನೋಡಿ ಅಪ್ಪ ಕೇಳಿದ್ದು ಒಂದೇ: "ಕೋಣ ಎಲ್ಲುಂಟು? ಎಳೆಯುವುದು ಯಾರು ಮತ್ತೆ?"

"ಗುಡ್ಡವೇ ಎಳೆಯುತ್ತೆ ಅಜ್ಜ" ಅಂದಳು. ಸಿಟ್ಟು ಇಳಿದದ್ದು ಆಗಲೇ.