ಬಾಯಿ ಮುಚ್ಚಿದ ಮೇಲೆ ಬಂದ ಮಾತು

ಡೊಂಬಿವಲಿ, ಕಲ್ಯಾಣ್ ಕಡೆಯ ಕನ್ನಡ ಮನೆಗಳಲ್ಲಿ ಟಿವಿ ಎಷ್ಟೇ ಹೊಸತಾಗಿರಲಿ, ಅದರ ಕೆಳಗೆ ಡಿವಿಡಿ ಪ್ಲೇಯರ್ ಒಂದು ಇನ್ನೂ ಕೂತಿರುತ್ತದೆ. ಮೇಲೊಂದು ಕಸೂತಿ ಬಟ್ಟೆ, ಪಕ್ಕದಲ್ಲಿ ಮದುವೆ, ಉಪನಯನ, ಯಕ್ಷಗಾನದ ಡಿಸ್ಕುಗಳ ಗೂಡು. ಮಕ್ಕಳು ಅದನ್ನು ಭಂಗಾರದವನಿಗೆ ಕೊಡಲು ಹೊರಟಾಗಲೆಲ್ಲ ಹಿರಿಯರು ಅಡ್ಡ ಬರುತ್ತಾರೆ. ಈ ಜಗಳದಲ್ಲಿ ನಾನು ಹಿರಿಯರ ಪಕ್ಷ. ಡಿಸ್ಕ್ ಹಾಕಿ ಒಂದು ಗುಂಡಿ ಒತ್ತಿದರೆ ಚಿತ್ರ ಬರುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ನಡುವೆ ಜಾಹೀರಾತು ಹಾಕುವುದಿಲ್ಲ, ನೆಟ್ ಇಲ್ಲದ ದಿನವೂ ನಡೆಯುತ್ತದೆ. ಎಂಬತ್ತು ದಾಟಿದವರಿಗೆ ಇದಕ್ಕಿಂತ ಒಳ್ಳೆಯ ಯಂತ್ರವನ್ನು ಯಾರೂ ಮಾಡಿಕೊಟ್ಟಿಲ್ಲ.

ನಮ್ಮ ದೊಡ್ಡಮ್ಮನ ಪ್ಲೇಯರ್ ಡೊಂಬಿವಲಿ ಪೂರ್ವದ ಎರಡನೇ ಮಾಳಿಗೆಯಲ್ಲಿದೆ. ಅದರಲ್ಲಿ ಒಂದೇ ಒಂದು ಡಿಸ್ಕ್ ನೋಡಬೇಕೆಂದು ಅವರು ಹಟ ಹಿಡಿದಿದ್ದರು. ಆ ಡಿಸ್ಕ್ ಅದರಲ್ಲಿ ಓಡುತ್ತಿರಲಿಲ್ಲ.

ಕಥೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ದೊಡ್ಡಪ್ಪ ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಬದುಕು ಸಾಗಿಸಿದವರು. ಆದರೆ ಊರವರಿಗೆ ಅವರು ಗುರುತಾಗಿದ್ದದ್ದು ತಾಳಮದ್ದಳೆಯ ಅರ್ಥಧಾರಿಯಾಗಿ. ಮಳೆಗಾಲದಲ್ಲಿ ಕರಾವಳಿಯ ಮೇಳಗಳಿಗೆ ಆಟವಿಲ್ಲ. ಆ ತಿಂಗಳುಗಳಲ್ಲಿ ಕಲಾವಿದರು ಮುಂಬಯಿಗೆ ಬರುವುದು, ಸಭಾಗೃಹಗಳಲ್ಲಿ ಸರಣಿ ಕೂಟಗಳು ನಡೆಯುವುದು ಹಳೆಯ ವಾಡಿಕೆ. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರಲ್ಲಿ. ಅದಕ್ಕೆ ಮೊದಲು ಭಾಗವತರು, ಮದ್ದಳೆಯವರು ಎಲ್ಲರೂ ಘಟ್ಟದ ಮಳೆಯಲ್ಲಿ ಬಸ್ಸಿನಲ್ಲೇ ಬರುತ್ತಿದ್ದರು. 1995ರ ಆಗಸ್ಟಿನಲ್ಲಿ ಡೊಂಬಿವಲಿಯ ಒಂದು ತಗಡಿನ ಮಾಡಿನ ಸಭಾಗೃಹದಲ್ಲಿ 'ವಾಲಿವಧೆ' ಆಯಿತು. ಊರಿನಿಂದ ಬಂದ ಹೆಸರಾಂತ ಅರ್ಥಧಾರಿಯ ರಾಮನಿಗೆ ಎದುರಾಗಿ ನಮ್ಮ ದೊಡ್ಡಪ್ಪನ ವಾಲಿ. ಯಾರೋ ಪುಣ್ಯಾತ್ಮರು ವಿಎಚ್‌ಎಸ್ ಕ್ಯಾಮೆರಾದಲ್ಲಿ ಇಡೀ ಕೂಟ ಹಿಡಿದರು. ಎರಡು ಗಂಟೆ ಐವತ್ತು ನಿಮಿಷ.

2003ರಲ್ಲಿ ದೊಡ್ಡಪ್ಪ ತೀರಿಕೊಂಡರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ಎಲ್ಲರಿಗೂ ನೆನಪಿದೆ. ಅದೇ ರಾತ್ರಿ ಉಲ್ಹಾಸ ನದಿ ಉಕ್ಕಿ ಕಲ್ಯಾಣದ ತಗ್ಗು ಭಾಗಗಳು ಮುಳುಗಿದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ದೊಡ್ಡಮ್ಮ ಆಗ ಅಲ್ಲಿಯ ನೆಲಮಾಳಿಗೆಯ ಮನೆಯಲ್ಲಿದ್ದರು. ಫೋಟೊ ಆಲ್ಬಮ್, ಆಡಿಯೊ ಕ್ಯಾಸೆಟ್ಟು, ದೊಡ್ಡಪ್ಪ ಪದ್ಯ ಬರೆದಿಟ್ಟುಕೊಂಡ ಪುಸ್ತಕಗಳು ಎಲ್ಲ ಕೆಸರಾದವು. 'ವಾಲಿವಧೆ' ಮಾತ್ರ ಉಳಿಯಿತು. ಥಾಣೆಯ ಭಾವ ಅದನ್ನು ನೋಡಲು ಒಯ್ದವರು ಎರಡು ವರ್ಷ ಹಿಂದಿರುಗಿಸಿರಲಿಲ್ಲ. ಆ ಕ್ಯಾಸೆಟ್ಟನ್ನು ಬಿಟ್ಟರೆ ದೊಡ್ಡಪ್ಪನ ಸ್ವರ ಇನ್ನೆಲ್ಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ನೆರೂಲಿನಲ್ಲಿರುವ ಅಣ್ಣ ಅದನ್ನು ಡಿಸ್ಕಿಗೆ ಇಳಿಸಲು ಒಂದು ಅಂಗಡಿಗೆ ಕೊಟ್ಟ. ತಿಂಗಳ ನಂತರ ಹೊಳೆಯುವ ಡಿಸ್ಕ್ ಬಂತು. ಕ್ಯಾಸೆಟ್ಟನ್ನು ಇನ್ನು ಬಿಸಾಡಬಹುದು ಎಂದು ಅಂಗಡಿಯವರು ಹೇಳಿದರಂತೆ. ಅಣ್ಣ ಬಿಸಾಡಲಿಲ್ಲ.

ದೊಡ್ಡಮ್ಮನ ಪ್ಲೇಯರಿಗೆ ಹಾಕಿದರೆ ಅದು ಡಿಸ್ಕೇ ಇಲ್ಲ ಎಂದಿತು. ಅಣ್ಣನ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಂತು. ದೊಡ್ಡಮ್ಮ ಕನ್ನಡಕ ಏರಿಸಿ ಹತ್ತು ನಿಮಿಷ ನೋಡಿ ಹೇಳಿದರು: "ಎಂತದು ಮಾರಾಯ ಇದು? ಇವರು ಇಷ್ಟು ದಪ್ಪ ಯಾವಾಗ ಇದ್ದರು? ಮತ್ತೆ, ಬಾಯಿ ಮುಚ್ಚಿದ ಮೇಲೆ ಮಾತು ಬರ್ತದೆ."

ಇದಕ್ಕಿಂತ ನಿಖರವಾದ ದೋಷಪಟ್ಟಿಯನ್ನು ಯಾವ ಎಂಜಿನಿಯರೂ ಬರೆಯಲಾರ. ಮೂರು ತೊಂದರೆಗಳಿದ್ದವು, ಮೂರೂ ಬೇರೆ ಬೇರೆ.

ಪ್ಲೇಯರ್ ಒಪ್ಪದ್ದು ಸುಲಭದ ತೊಂದರೆ. ಅಂಗಡಿಯವರು ಡಿಸ್ಕಿನಲ್ಲಿ ಒಂದು ಎಂಪಿ4 ಫೈಲನ್ನು ಹಾಗೇ ಬರೆದು ಕೊಟ್ಟಿದ್ದರು. ಡಿವಿಡಿ ಎಂದರೆ ಪ್ಲಾಸ್ಟಿಕ್ ಬಿಲ್ಲೆಯಷ್ಟೇ ಅಲ್ಲ, ಅದರೊಳಗೆ ಒಂದು ಕಟ್ಟುನಿಟ್ಟಿನ ವ್ಯವಸ್ಥೆಯಿದೆ. ವಿಡಿಯೊ ಎಂಪೆಗ್-2 ಆಗಿರಬೇಕು, ನಮ್ಮ ಪಾಲ್ ಪದ್ಧತಿಗೆ ತಕ್ಕಂತೆ ಸೆಕೆಂಡಿಗೆ 25 ಚೌಕಟ್ಟು ಇರಬೇಕು, ಧ್ವನಿ 48 ಕಿಲೊಹರ್ಟ್ಸ್ ಇರಬೇಕು, ಎಲ್ಲವೂ 'ವಿಡಿಯೊ ಟಿಎಸ್' ಎಂಬ ಹೆಸರಿನ ಫೋಲ್ಡರಿನಲ್ಲಿ ಒಂದೊಂದು ಜಿಬಿ ಮೀರದ ತುಂಡುಗಳಾಗಿ ಕೂರಬೇಕು. ಕಂಪ್ಯೂಟರ್ ಸಿಕ್ಕಿದ್ದನ್ನು ತಿನ್ನುತ್ತದೆ; ಹಳೆಯ ಪ್ಲೇಯರ್ ಮಡಿಯವರ ಹಾಗೆ, ತನ್ನ ಎಲೆಗೆ ತನ್ನ ಕ್ರಮದಲ್ಲೇ ಬಡಿಸಬೇಕು.

ದೊಡ್ಡಪ್ಪ ದಪ್ಪಗಾದದ್ದಕ್ಕೆ ಕಾರಣವೂ ಸರಳ. 1995ರ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು. ಅದನ್ನು ಹದಿನಾರಕ್ಕೆ ಒಂಬತ್ತರ ಪರದೆ ತುಂಬುವಂತೆ ಎಳೆದಿದ್ದರು. ಎರಡು ಬದಿಯ ಕಪ್ಪು ಪಟ್ಟಿ ಗಿರಾಕಿಗಳಿಗೆ ಹಿಡಿಸುವುದಿಲ್ಲವಂತೆ.

ಮೂರನೆಯದು ಮಾತು ತಡವಾಗುವುದು. ನಿಜವಾದ ರೋಗ ಅದೇ. ಇದರಲ್ಲಿ ಮೂರು ಬಗೆಯುಂಟು, ನಿಮ್ಮ ಮನೆಯ ಡಿಸ್ಕಿನಲ್ಲಿ ಇದ್ದರೆ ಹೀಗೆ ಪರೀಕ್ಷಿಸಿ ನೋಡಿ. ಮೊದಲಿನಿಂದ ಕೊನೆಯವರೆಗೆ ವ್ಯತ್ಯಾಸ ಒಂದೇ ಸಮ ಇದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಮುಗಿಯಿತು. ಸ್ವಲ್ಪ ಸ್ವಲ್ಪವೇ ಸಮನಾಗಿ ಬೆಳೆಯುತ್ತ ಹೋದರೆ ಚಿತ್ರವನ್ನೂ ಧ್ವನಿಯನ್ನೂ ಹಿಡಿದ ಎರಡು ಗಡಿಯಾರಗಳು ಹೊಂದಿಲ್ಲ ಎಂದರ್ಥ. ಧ್ವನಿಯನ್ನು ಕೂದಲೆಳೆಯಷ್ಟು ಹಿಗ್ಗಿಸಿಯೋ ಕುಗ್ಗಿಸಿಯೋ ಸರಿಮಾಡಬಹುದು. ವ್ಯತ್ಯಾಸ ಅಲ್ಲಲ್ಲಿ ಜಿಗಿಯುತ್ತಿದ್ದರೆ ಟೇಪು ಹಾಳಾದ ಜಾಗದಲ್ಲಿ ಕಂಪ್ಯೂಟರ್ ಚಿತ್ರದ ಚೌಕಟ್ಟುಗಳನ್ನು ಕೈಬಿಟ್ಟಿದೆ. ಧ್ವನಿ ಮಾತ್ರ ಪೂರ್ತಿ ಬಂದಿದೆ, ಹಾಗಾಗಿ ಚಿತ್ರ ಮುಂದೆ, ಮಾತು ಹಿಂದೆ. ನಮ್ಮದು ಈ ಮೂರನೆಯ ಜಾತಿ. ಕೊನೆಗೆ ಬರುವಾಗ ಎರಡು ಸೆಕೆಂಡು, ಎಂದರೆ 50 ಚೌಕಟ್ಟು, ಕಾಣೆಯಾಗಿದ್ದವು. ಆ ಫೈಲಿಗೆ ಮದ್ದಿರಲಿಲ್ಲ. ಕ್ಯಾಸೆಟ್ಟಿನಿಂದಲೇ ಮತ್ತೆ ಇಳಿಸಬೇಕಿತ್ತು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಶಾಲು ಹೊದ್ದು ಕೂತವನ ಮುಖ ಮತ್ತು ಮಾತು, ಅಷ್ಟೇ. ಅವೆರಡೂ ಬೇರೆಯಾದರೆ ಉಳಿಯುವುದೇನು?

ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದರೆ ಟೇಪಿನ ಅಂಚಿಗೆ ಬಿಳಿ ಪುಡಿ ಹಿಡಿದಿತ್ತು. ಬೂಷ್ಟು. ಮುಂಬಯಿಯ ತೇವದಲ್ಲಿ ಕಪಾಟಿನಲ್ಲಿಟ್ಟ ವಿಎಚ್‌ಎಸ್‌ಗಳಿಗೆ ಇದು ಸಾಮಾನ್ಯ. ಹಾಗೇ ಓಡಿಸಿದರೆ ಪುಡಿ ವಿಸಿಆರ್‌ನ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಹೊಸ ವಿಸಿಆರ್ ಕೊಳ್ಳುವ ಮಾತೇ ಇಲ್ಲ. ಕೊನೆಯವರೆಗೆ ಅವನ್ನು ಮಾಡುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರಲ್ಲಿ ನಿಲ್ಲಿಸಿತು. ಕೇಳುತ್ತ ಹೋದಾಗ ಕಲ್ಯಾಣ್ ಪಶ್ಚಿಮದಲ್ಲಿ ಒಬ್ಬ ಹಿರಿಯ ರಿಪೇರಿಯವರು ಸಿಕ್ಕಿದರು. ಅಂಗಡಿಯ ತುಂಬ ಮಿಕ್ಸರ್‌ಗಳು, ಇಸ್ತ್ರಿಪೆಟ್ಟಿಗೆಗಳು. ಮಾಳಿಗೆಯ ಮೇಲೆ ಮಾತ್ರ ಗಾದಿ ಬಟ್ಟೆ ಸುತ್ತಿಟ್ಟ ಎರಡು ವಿಸಿಆರ್. ಅವರು ಐದು ಸ್ಕ್ರೂ ಬಿಚ್ಚಿ ಕ್ಯಾಸೆಟ್ ತೆರೆದರು, ನುಣ್ಣನೆಯ ಬಟ್ಟೆಯ ನಡುವೆ ಟೇಪನ್ನು ನಿಧಾನವಾಗಿ ಎಳೆಯುತ್ತ ಒರೆಸಿದರು, ಸುರುಳಿಗಳನ್ನು ಬೇರೊಂದು ಚೊಕ್ಕ ಡಬ್ಬಿಗೆ ಹಾಕಿದರು. ಎರಡು ಮಧ್ಯಾಹ್ನ ಹಿಡಿಯಿತು. ವಿಎಚ್‌ಎಸ್ ಹೆಡ್ಡಿನ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಅದರ ಮೇಲೆ ಹತ್ತಿಯ ಕಡ್ಡಿ ಆಡಿಸುವವರನ್ನು ಕಂಡರೆ ತನಗೆ ಸಿಟ್ಟು ಬರುತ್ತದೆ ಎಂದು ಅವರು ಮರಾಠಿಯಲ್ಲಿ ಹೇಳಿದರು. ಹತ್ತಿಯ ಎಳೆ ಸಿಕ್ಕಿಕೊಂಡರೆ ಹೆಡ್ಡೇ ಮುರಿಯುತ್ತದೆ. ವಿಸಿಆರ್ ಒಂದನ್ನು ವಾರದ ಮಟ್ಟಿಗೆ ನನಗೆ ಒಪ್ಪಿಸಿದರು, ಬಾಡಿಗೆ ಕೇಳಲಿಲ್ಲ.

ಅದನ್ನು ಮಡಿಲಲ್ಲಿಟ್ಟುಕೊಂಡು ನೆರೂಲಿಗೆ ಹೋದೆ. ಕಲ್ಯಾಣದಿಂದ ಥಾಣೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್. ಈ ಮಾರ್ಗ 2004ರಲ್ಲಿ ತೆರೆಯುವ ಮೊದಲು ಇದೇ ಪ್ರಯಾಣಕ್ಕೆ ಕುರ್ಲಾ ಸುತ್ತಬೇಕಿತ್ತು, ಮಡಿಲಲ್ಲಿ ವಿಸಿಆರ್ ಇಟ್ಟುಕೊಂಡು ಕುರ್ಲಾದ ಸೇತುವೆ ಹತ್ತುವುದನ್ನು ಊಹಿಸಿಕೊಳ್ಳಿ.

ಈ ಸಲ ಟೇಪಿನ ಚಿತ್ರವನ್ನು ನಷ್ಟವಿಲ್ಲದ ರೂಪದಲ್ಲೇ ಇಳಿಸಿದೆವು. ಗಂಟೆಗೆ ಸುಮಾರು 30 ಜಿಬಿ ನುಂಗುತ್ತದೆ, ನುಂಗಲಿ. ಚೌಕಟ್ಟು ತಪ್ಪಿದ ಕಡೆ ಹಿಂದಿನದನ್ನೇ ಮರಳಿ ಸೇರಿಸುವಂತೆ ವರ್ಚುವಲ್‌ಡಬ್‌ಗೆ ಹೇಳಿದ್ದರಿಂದ ಮಾತು ಮತ್ತು ತುಟಿ ಕೊನೆಯವರೆಗೂ ಕೂಡಿಯೇ ಇದ್ದವು. ಚಿತ್ರ ಅಲ್ಲಲ್ಲಿ ಕ್ಷಣಮಾತ್ರ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ.

ಆಮೇಲೆ ಅಣ್ಣನಿಗೂ ನನಗೂ ವಾದ ಶುರುವಾಯಿತು. ಟೇಪಿನ ತುಂಬ ಒಂದು ಶಬ್ದವಿದೆ, ಸೊಂಯ್ ಎನ್ನುವಂಥದ್ದು. ಅಣ್ಣ ಗದ್ದಲ ತೆಗೆಯುವ ತಂತ್ರಾಂಶ ಹಾಕಿ ನೋಡಿದ. ಚೊಕ್ಕವಾಯಿತು ನಿಜ. ಆದರೆ ದೊಡ್ಡಪ್ಪ ನೀರಿನೊಳಗಿಂದ ಮಾತಾಡಿದಂತೆ ಕೇಳತೊಡಗಿತು, ಮದ್ದಳೆಯ ಪೆಟ್ಟಿನ ಮೊನೆ ಹೋಯಿತು, ವಾಕ್ಯ ಮುಗಿಸಿ ಅವರು ಎಳೆದುಕೊಳ್ಳುವ ಉಸಿರು ಹೋಯಿತು. ಬಾಣ ಬಿದ್ದ ವಾಲಿಗೆ ಉಸಿರೇ ಇಲ್ಲದಿದ್ದರೆ ಹೇಗೆ? ಹೆಡ್‌ಫೋನ್ ಹಾಕಿ ಮತ್ತೆ ಕೇಳಿದಾಗ ಆ ಸೊಂಯ್ ಟೇಪಿನದ್ದಷ್ಟೇ ಅಲ್ಲ ಎಂದು ತಿಳಿಯಿತು. ಆಗಸ್ಟಿನ ಮಳೆ ತಗಡಿನ ಮಾಡಿನ ಮೇಲೆ ಬೀಳುತ್ತಿತ್ತು. ಒಂದು ಕಡೆ ಮಳೆ ಜೋರಾದಾಗ ದೊಡ್ಡಪ್ಪ ತಲೆ ಎತ್ತಿ ಮಾಡು ನೋಡಿ, ಸ್ವರವನ್ನು ಒಂದು ಮೆಟ್ಟಿಲು ಏರಿಸುತ್ತಾರೆ. ಮಳೆ ತೆಗೆದರೆ ಅವರು ಸುಮ್ಮನೆ ಕೂಗಿದಂತಾಗುತ್ತದೆ. ಕೊನೆಗೆ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಮಾತ್ರ ತೆಗೆದೆವು. ಮಳೆಯನ್ನು ಬಿಟ್ಟೆವು. ಮುಖವನ್ನು ಕೃತಕ ಬುದ್ಧಿಯಿಂದ ಹೊಳಪುಗೊಳಿಸುವ ಒಂದು ಪ್ರಯೋಗವನ್ನೂ ಅಣ್ಣ ತೋರಿಸಿದ. ದೊಡ್ಡಪ್ಪನ ಜಾಗದಲ್ಲಿ ಮೇಣದ ಯಾರೋ ಕೂತಿದ್ದರು. ಅದನ್ನು ದೊಡ್ಡಮ್ಮನಿಗೆ ತೋರಿಸಲೇ ಇಲ್ಲ.

ಉಳಿದದ್ದು ಲೆಕ್ಕ. ಡಿಸ್ಕಿನಲ್ಲಿ 4.7 ಜಿಬಿ ಜಾಗ. 170 ನಿಮಿಷ ಎಂದರೆ 10,200 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಸುಮಾರು 3.7 ಮೆಗಾಬಿಟ್, ಧ್ವನಿ ಮತ್ತು ಇತರ ಖರ್ಚು ಕಳೆದು ಚಿತ್ರಕ್ಕೆ 3.3. ಪೂರ್ತಿ 720 ಚುಕ್ಕೆಗಳ ಅಗಲಕ್ಕೆ ಇದು ಬಿಗಿ. ಎರಡು ಡಿಸ್ಕ್ ಮಾಡಬಹುದಿತ್ತು, ಆದರೆ ದೊಡ್ಡಮ್ಮನಿಗೆ ಮಂಡಿನೋವು, ನಡುವೆ ಎದ್ದು ಬದಲಿಸುವುದು ಬೇಡ. ಡಿವಿಡಿ ನಿಯಮದಲ್ಲೇ 352ಕ್ಕೆ 576 ಎಂಬ ಅರ್ಧ ಅಗಲದ ಅಳತೆಗೂ ಅವಕಾಶವಿದೆ. ವಿಎಚ್‌ಎಸ್ ಹಿಡಿಯಬಲ್ಲ ವಿವರ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟೇ ಆದ್ದರಿಂದ ಅರ್ಧ ಅಗಲದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಈ ಅಳತೆಯನ್ನು ಯಾರೂ ಬಳಸದಿರುವುದು ನನಗೆ ಆಶ್ಚರ್ಯ.

ಹಳೆಯ ವಿಸಿಡಿಗಳು ಇದರ ಅರ್ಧ ಎತ್ತರದವು, 352ಕ್ಕೆ 288. ಒಂದರಲ್ಲಿ ಸಿಗುತ್ತಿದ್ದದ್ದು 74 ನಿಮಿಷ, ಹೆಚ್ಚೆಂದರೆ 80. ಸಿನಿಮಾ ಒಂದಕ್ಕೆ ಎರಡು ಮೂರು ಡಿಸ್ಕ್ ಬೇಕಾಗುತ್ತಿದ್ದದ್ದು ಅದಕ್ಕೇ. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಹೊರಟಾಗ ನಮ್ಮ ಮನೆಗಳಲ್ಲಿ ಡಿಸ್ಕಿನ ಗೂಡುಗಳು ಬೆಳೆದವು. 2018ರಲ್ಲಿ ಆ ಕಂಪನಿಯೇ ದಿವಾಳಿಯಾಯಿತು, ಗೂಡುಗಳು ಇನ್ನೂ ಇವೆ.

ಬರೆಯುವ ಮೊದಲು ಮತ್ತೆ ಮತ್ತೆ ಅಳಿಸಿ ಬರೆಯಬಹುದಾದ ಡಿಸ್ಕಿನಲ್ಲಿ ಹದಿನೈದು ನಿಮಿಷದ ತುಂಡು ಹಾಕಿ ಡೊಂಬಿವಲಿಗೆ ಒಯ್ದು ಪರೀಕ್ಷಿಸಿದೆ. ನೋಡಬೇಕಾದದ್ದು ಕೈಗಳನ್ನು. ಪ್ರತಿ ಚೌಕಟ್ಟು ಬೆಸ ಮತ್ತು ಸಮ ಗೆರೆಗಳ ಎರಡು ಅರ್ಧಗಳಿಂದ ಆಗಿರುತ್ತದೆ, ಅವುಗಳ ಸರದಿ ಅದಲುಬದಲಾದರೆ ಕೈ ಬೀಸಿದಾಗ ಅದು ಮುಂದೆ ಹೋಗಿ ಹಿಂದೆ ಬಂದಂತೆ ನಡುಗುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಇದು ಗೊತ್ತಾಗುವುದಿಲ್ಲ, ಟಿವಿಯಲ್ಲಿ ತಕ್ಷಣ ಕಾಣುತ್ತದೆ. ವಾಲಿಯ ಕೈ ಸರಿಯಾಗಿ ಬೀಸಿತು. ಆ ಪ್ಲೇಯರ್ ಡಿವಿಡಿ ಪ್ಲಸ್ ಆರ್ ಅನ್ನು ಮುಟ್ಟುವುದಿಲ್ಲ, ಮೈನಸ್ ಆರ್ ಅನ್ನು ಓದುತ್ತದೆ ಎಂಬುದೂ ಆವತ್ತೇ ತಿಳಿಯಿತು. ಮೈನಸ್ ಡಿಸ್ಕ್ ತಂದು, ಹದಿನಾರರ ಬದಲು ಎಂಟರ ವೇಗದಲ್ಲಿ ಬರೆದು, ಫೈನಲೈಸ್ ಮಾಡಿ, ಮತ್ತೊಮ್ಮೆ ಓದಿಸಿ ತಾಳೆ ನೋಡಿದೆವು. ಮೇಲೆ ಕಾಗದದ ಚೀಟಿ ಅಂಟಿಸಲಿಲ್ಲ, ತಿರುಗುವಾಗ ತೂಕ ತಪ್ಪುತ್ತದೆ. ಮೆನು ಇಡಲಿಲ್ಲ. ಹಾಕಿದ ಕೂಡಲೇ ಭಾಗವತರ ಸ್ತುತಿ ಶುರು.

ದೊಡ್ಡಮ್ಮ ಪೂರ್ತಿ ನೋಡಿದರು, ಎದ್ದೇಳದೆ. ವಾಲಿ ಬಿದ್ದ ಮೇಲೆ ಮುಕ್ಕಾಲು ಗಂಟೆ ದೊಡ್ಡಪ್ಪ ರಾಮನನ್ನು ಪ್ರಶ್ನಿಸುತ್ತಾರೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂಬುದಷ್ಟೇ ಅಲ್ಲ. ನನ್ನ ಬಳಿ ಬಂದು ಕೇಳಿದ್ದರೆ ನಿನ್ನ ಹೆಂಡತಿಯನ್ನು ನಾನೇ ತಂದುಕೊಡುತ್ತಿದ್ದೆನಲ್ಲ, ನನ್ನನ್ನು ಯಾಕೆ ಕೇಳಲಿಲ್ಲ ಎಂದು. ಅದನ್ನು ಅವರು ಜೋರಾಗಿ ಹೇಳುವುದಿಲ್ಲ. ಹೋಟೆಲಿನಲ್ಲಿ ಪರಿಚಯದವರು ಬಿಲ್ಲು ಕೊಡದೆ ಹೋದಾಗ ಕೇಳುತ್ತಿದ್ದ ಸ್ವರದಲ್ಲೇ ಕೇಳುತ್ತಾರೆ. ಎದುರಿನ ಹೆಸರಾಂತ ರಾಮ ಒಂದು ಗಳಿಗೆ ತಬ್ಬಿಬ್ಬಾದದ್ದು ಈಗ ಚೊಕ್ಕವಾಗಿ ಕಾಣುತ್ತದೆ. ಕ್ಯಾಮೆರಾ ಸರಿದಾಗ ಮೂರನೇ ಸಾಲಿನಲ್ಲಿ ದೊಡ್ಡಮ್ಮನೂ ಕಾಣುತ್ತಾರೆ, ಸೆರಗು ತಲೆಗೆ ಹೊದ್ದು, ಮಳೆಗೆ ಚಳಿಯಾಗಿ.

ಮರುದಿನ ಬೆಳಿಗ್ಗೆ ಫೋನ್ ಬಂತು. "ಎಲ್ಲ ಚಂದ ಆಗಿದೆ ಮಾರಾಯ. ಮುಂದಿನದು ಅಂತ ಗುಂಡಿ ಒತ್ತಿದ್ರೆ ಸೀದಾ ಇವರ ಮಾತಿಗೆ ಹೋಗ್ತದೆ. ಅದಕ್ಕೆ ಮೊದಲು ಭಾಗವತರ ಪದ ಉಂಟಲ್ಲ, ಅದು ಬೇಡವಾ? ಪದ ಇಲ್ಲದೆ ಅರ್ಥ ಹೇಳ್ಲಿಕ್ಕೆ ಅವರು ಒಪ್ತಿರಲಿಲ್ಲ."

ಅಧ್ಯಾಯದ ಗುರುತನ್ನು ನಲವತ್ತು ಸೆಕೆಂಡು ಹಿಂದಕ್ಕೆ ಸರಿಸಿದೆ. ಅದಕ್ಕೆ ಚಿತ್ರವನ್ನು ಮತ್ತೆ ಪರಿವರ್ತಿಸಬೇಕಿಲ್ಲ, ಡಿಸ್ಕಿನ ಜೋಡಣೆಯನ್ನಷ್ಟೇ ಹೊಸದಾಗಿ ಮಾಡಿದರೆ ಸಾಕು, ಅರ್ಧ ಗಂಟೆಯ ಕೆಲಸ. ಮೂರು ಪ್ರತಿ ಬರೆದೆ: ಡೊಂಬಿವಲಿಗೆ ಒಂದು, ಥಾಣೆಯ ಭಾವನಿಗೆ ಒಂದು, ಮತ್ತೊಂದು ಕಲ್ಯಾಣದ ರಿಪೇರಿಯವರಿಗೆ, ವಿಸಿಆರ್ ಜೊತೆಗೆ. ಅವರಿಗೆ ಕನ್ನಡ ಬಾರದು. ಆದರೂ ಅಂಗಡಿಯ ಪ್ಲೇಯರಿಗೆ ಹಾಕಿ, ಧ್ವನಿ ಏರಿಸಿ, ಇಸ್ತ್ರಿಪೆಟ್ಟಿಗೆಯೊಂದನ್ನು ಬಿಚ್ಚುತ್ತ ಕೂತರು.