38 ಸುಳ್ಳು ಫಾರಂ

ಮೊದಲೇ ಹೇಳಿಬಿಡುತ್ತೇವೆ, ಇದು ನಾವೇ ಮಾಡಿದ ತಪ್ಪಿನ ಕತೆ. ಬೆಂಗಳೂರಿನಲ್ಲಿ ಎಂ.ಎ. ಓದುವಾಗ ನಾವು ಮೂವರು ಸೇರಿ 38 ಜನ ಹೇಳದೇ ಇದ್ದ ಮಾತುಗಳನ್ನು ಹೇಳಿದರೆಂದು ಬರೆದೆವು. ಬರೆದದ್ದು ಹಾಸ್ಟೆಲ್ ರೂಮಿನ ನೆಲದ ಮೇಲೆ ಕೂತು, ಒಂದೇ ರಾತ್ರಿಯಲ್ಲಿ.

ಬೆಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. ಆಗ ಪಟ್ಟಣದ ನಡುವಿನ ಸೆಂಟ್ರಲ್ ಕಾಲೇಜೇ ಅದರ ಮನೆ. ಜ್ಞಾನಭಾರತಿಗೆ ಬಂದದ್ದು ಆಮೇಲೆ. ಸುಮಾರು 1,100 ಎಕರೆ ಜಾಗ. ಮೊದಲ ದಿನ ಗೇಟಿನಲ್ಲಿ ಇಳಿದು, ನಮ್ಮ ವಿಭಾಗ ಇಲ್ಲೇ ಪಕ್ಕದಲ್ಲಿ ಇರುತ್ತದೆ ಅಂದುಕೊಂಡು ನಡೆದು ನಡೆದು ಸುಸ್ತಾದೆವು. ಒಬ್ಬ ಪಾವಗಡದ ಕಡೆಯವ, ಒಬ್ಬ ಮಾಗಡಿ ಕಡೆ, ಇನ್ನೊಬ್ಬ ಗೌರಿಬಿದನೂರು ಕಡೆ. ಮೂವರೂ ಡಿಗ್ರಿವರೆಗೆ ಕನ್ನಡದಲ್ಲೇ ಓದಿದವರು. ಇಲ್ಲಿ ಪುಸ್ತಕವೆಲ್ಲ ಇಂಗ್ಲಿಷು. ಒಂದು ಪುಟ ಓದಲು ಅರ್ಧ ಗಂಟೆ, ಅದರಲ್ಲಿ ಇಪ್ಪತ್ತು ನಿಮಿಷ ಮೊಬೈಲಿನಲ್ಲಿ ಅರ್ಥ ಹುಡುಕುವುದಕ್ಕೆ. ಅರ್ಥವಾಗದ್ದನ್ನು ಬಾಯಿಪಾಠ ಮಾಡುತ್ತಿದ್ದೆವು. ಹಾಗೆ ಬಾಯಿಪಾಠ ಮಾಡಿದ್ದರಲ್ಲಿ ಒಂದು, ಎರಡು ಹಂತದ ಹರಿವು ಎಂಬ ಸಿದ್ಧಾಂತ. ಅದರ ವಿಷಯ ಮುಂದೆ ಬರುತ್ತದೆ.

ಎರಡನೇ ವರ್ಷ ಸಂಶೋಧನಾ ವಿಧಾನದ ಪೇಪರ್‌ಗೆ ಮೂವರಿಗೂ ಸೇರಿ ಒಂದು ಸರ್ವೆ ಬಂತು. ವಿಷಯ ನಾವೇ ಆರಿಸಿಕೊಂಡದ್ದು: ಹಳ್ಳಿಯವರು ಮೊಬೈಲಿನಲ್ಲಿ ಸುದ್ದಿ ಓದುವುದು ಹೇಗೆ? ನಮ್ಮ ನಮ್ಮ ಊರಿನಲ್ಲಿ ತಲಾ 40 ಜನ, ಒಟ್ಟು 120. ಒಬ್ಬೊಬ್ಬರಿಗೂ 22 ಪ್ರಶ್ನೆ.

82 ಆಯಿತು. ಆಮೇಲೆ ಮದುವೆ ಸೀಸನ್ ಶುರುವಾಯಿತು. ಶನಿವಾರ, ಭಾನುವಾರ ನಾವು ಕಲ್ಯಾಣ ಮಂಟಪಗಳಿಗೆ ಕೇಟರಿಂಗ್ ಕೆಲಸಕ್ಕೆ ಹೋಗುತ್ತಿದ್ದೆವು. ಬಿಳಿ ಶರಟು ಹಾಕಿ ಎಲೆಗೆ ಬಡಿಸಿದರೆ ರಾತ್ರಿ ಕೈಗೆ ಕಾಸು, ಹೊಟ್ಟೆಗೆ ಹೋಳಿಗೆ ಊಟ. ತಿಂಗಳ ಖರ್ಚು ನಡೆಯುತ್ತಿದ್ದುದೇ ಅದರಲ್ಲಿ. ಊರಿಗೆ ಹೋದರೆ ಆ ದುಡ್ಡೂ ಹೋಯಿತು, ಬಸ್ ಚಾರ್ಜೂ ಹೋಯಿತು. ಹೀಗೆ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ, ನಮ್ಮೂರಿನ ಜನ ಏನು ಹೇಳುತ್ತಾರೆ ಅಂತ ನಮಗೆ ಗೊತ್ತಿಲ್ಲವಾ ಅನ್ನುವ ಜಂಬವೂ ಇತ್ತು.

ಕೊಡುವ ದಿನದ ಹಿಂದಿನ ರಾತ್ರಿ ಬಾಗಿಲು ಹಾಕಿಕೊಂಡು ಕೂತೆವು. ಬೇರೆ ಬೇರೆ ಪೆನ್ನು. ಒಬ್ಬ ಎಡಗೈಯಲ್ಲೂ ಬರೆದ. ಅನುಮಾನ ಬರಬಾರದೆಂದು ವಯಸ್ಸುಗಳನ್ನು 23, 37, 41, 63 ಅಂತ ಹಾಕಿದೆವು.

ಮೇಡಂ ಎಲ್ಲಾ 120 ಫಾರಂಗಳನ್ನು ಟೇಬಲ್ ಮೇಲೆ ಹರಡಿಕೊಂಡರು. ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ಅವನ್ನು ಎರಡು ಕಟ್ಟು ಮಾಡಿದರು.

“ಏನ್ರಪ್ಪಾ, ಹಳ್ಳಿಯಿಂದ ಬಂದೋರು ನೀವು. ಯಾವ ಅಜ್ಜಿ ತನಗೆ 63 ವರ್ಷ ಅಂತ ಹೇಳ್ತಾಳೆ? ಅರವತ್ತೋ ಎಪ್ಪತ್ತೋ ಆಗಿರಬೇಕು ಕಣಪ್ಪ ಅಂತಾಳೆ.”

ನಮ್ಮ ನಾಲಿಗೆ ಒಣಗಿಹೋಯಿತು. ಜನಗಣತಿಯಲ್ಲೂ ಹೀಗೇ, ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳೇ ಹೆಚ್ಚು ಬರುತ್ತವೆ, ಅದನ್ನು ಅಳೆಯಲು ಲೆಕ್ಕವೇ ಇದೆ ಅಂತ ಅವರು ವಿವರಿಸಿದರು. ನಿಜವಾದ 82 ಫಾರಂಗಳಲ್ಲಿ 40, 45, 60 ತುಂಬಿದ್ದವು. ಅಲ್ಲಲ್ಲಿ ಉತ್ತರ ಖಾಲಿ, ಎಷ್ಟೋ ಕಡೆ ‘ಗೊತ್ತಿಲ್ಲ’, ಒಂದೆರಡರ ಮೇಲೆ ಟೀ ಕಲೆ. ನಾವು ಬರೆದ 38 ಜನರಿಗೆ ಮಾತ್ರ ಎಲ್ಲವೂ ಗೊತ್ತಿತ್ತು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಡೀಡರಿಕ್ ಸ್ಟಾಪೆಲ್ ಎಂಬ ಪ್ರೊಫೆಸರ್ ಕತೆ ಹೇಳಿದರು. ದೊಡ್ಡ ಹೆಸರಿನ ಮನಶ್ಶಾಸ್ತ್ರಜ್ಞ. ನಡೆಸದೇ ಇದ್ದ ಸರ್ವೆಗಳ ಅಂಕಿಗಳನ್ನು ತಾನೇ ಹುಟ್ಟಿಸುತ್ತಿದ್ದದ್ದು 2011ರಲ್ಲಿ ಬಯಲಾಯಿತು. 50ಕ್ಕೂ ಹೆಚ್ಚು ಲೇಖನಗಳನ್ನು ವಾಪಸ್ ಪಡೆಯಬೇಕಾಯಿತು. ಆ ಅಂಕಿಗಳನ್ನು ನಂಬಿ ಪಿಎಚ್.ಡಿ. ಮಾಡಿದ ಹುಡುಗ ಹುಡುಗಿಯರೂ ಇದ್ದರು. ನಮ್ಮಲ್ಲಿ ಯುಜಿಸಿ 2018ರಲ್ಲಿ ಕೃತಿಚೌರ್ಯದ ನಿಯಮ ತಂದಿದೆ. ಬೇರೆಯವರ ಬರಹದ ಹೋಲಿಕೆ ಶೇಕಡ 10 ದಾಟಿದರೆ ತಿದ್ದಿ ಕೊಡಬೇಕು, 60 ದಾಟಿದರೆ ಆ ಕೋರ್ಸಿನ ನೋಂದಣಿಯೇ ರದ್ದು. “ಕದ್ದ ವಾಕ್ಯಾನ ಸಾಫ್ಟ್‌ವೇರ್ ಹಿಡಿಯುತ್ತೆ. ಹೋಗದೇ ಇರೋ ಮನೇನ ಅದು ಹಿಡಿಯಲ್ಲ. ಹೋಗಿ ಬನ್ನಿ,” ಅಂದು 38 ಹೊಸ ಫಾರಂಗಳನ್ನೂ 15 ದಿನವನ್ನೂ ಕೊಟ್ಟರು.

ಹೋದೆವು. ಎರಡು ವಾರದ ಕೇಟರಿಂಗ್ ದುಡ್ಡು ಕೈಬಿಟ್ಟಿತು.

ಮಾಗಡಿ ಕಡೆಯ ಊರಿನಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಜಗಲಿಯಲ್ಲಿ ಕೂತಿದ್ದರು. ಒಂಬತ್ತನೇ ಪ್ರಶ್ನೆ ಕೇಳಿದೆವು: ನಿಮ್ಮ ಬಳಿ ಸ್ಮಾರ್ಟ್‌ಫೋನ್ ಇದೆಯಾ? ‘ಇಲ್ಲ’ ಅಂದರೆ ಮುಂದಿನ ಹತ್ತು ಪ್ರಶ್ನೆ ಬಿಟ್ಟುಬಿಡಬೇಕು, ಫಾರಂ ಹಾಗೇ ಮಾಡಿಕೊಂಡಿದ್ದೆವು.

“ಪೋನು ಮೊಮ್ಮಗಂದು ಕಣಪ್ಪ. ಸುದ್ದಿ ಮಾತ್ರ ನಂಗೇ ಮೊದ್ಲು ಓದಿ ಹೇಳ್ಬೇಕು. ಇಲ್ದಿದ್ರೆ ಮುದ್ದೆ ಇಕ್ಕಲ್ಲ.”

ಆಮೇಲೆ ಏನು ಮಾಡ್ತೀಯಜ್ಜಿ ಅಂತ ಕೇಳಿದೆವು. ಸಂಜೆ ಡೇರಿಗೆ ಹಾಲು ಹಾಕಲು ಹೋದಾಗ ಅಲ್ಲಿ ನಿಂತ ಹೆಂಗಸರಿಗೆಲ್ಲ ಅವರೇ ಹೇಳುವುದಂತೆ. ಮಳೆ ಸುದ್ದಿ, ರೇಷನ್ ಕಾರ್ಡಿನ ಸುದ್ದಿ, ಯಾರೋ ಸಿನಿಮಾದವರ ಮದುವೆ ಸುದ್ದಿ. ಜೊತೆಗೆ ತಮ್ಮದೂ ಸ್ವಲ್ಪ ಸೇರಿಸುವುದಂತೆ, ಅದನ್ನೂ ನಗುತ್ತಲೇ ಒಪ್ಪಿಕೊಂಡರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಇದೇ ಅಲ್ಲವಾ ಎರಡು ಹಂತದ ಹರಿವು! 1940ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಈರೀ ಕೌಂಟಿಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರು ಚುನಾವಣೆಯ ಬಗ್ಗೆ ಅಧ್ಯಯನ ನಡೆಸಿದರು. ಮೇ ತಿಂಗಳಿಂದ ನವೆಂಬರ್‌ವರೆಗೆ ಅದೇ ಸುಮಾರು 600 ಜನರನ್ನು ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೋ, ಪತ್ರಿಕೆ ಜನರನ್ನು ನೇರವಾಗಿ ತಿರುಗಿಸಿಬಿಡುತ್ತವೆ ಅಂತ ಅಂದುಕೊಂಡು ಹೋದವರಿಗೆ, ಜನ ತಮ್ಮ ನಡುವಿನ ತಿಳಿದವರ ಮಾತು ಕೇಳುತ್ತಾರೆ ಅನ್ನುವುದು ಕಂಡಿತು. ಇದನ್ನು ನಾವು ಪರೀಕ್ಷೆಯಲ್ಲಿ ಒಂದಕ್ಷರ ಬಿಡದೆ ಬರೆದಿದ್ದೆವು, ಒಳ್ಳೆಯ ಅಂಕವೂ ಬಂದಿತ್ತು. ಆದರೆ ನಮ್ಮ ಫಾರಂನಲ್ಲಿ ಈ ಅಜ್ಜಿಗೆ ಜಾಗವೇ ಇರಲಿಲ್ಲ. ಫೋನ್ ಇಲ್ಲ, ಹಾಗಾಗಿ ಸುದ್ದಿಯೂ ಇಲ್ಲ ಅಂತ ಬರೆದು ಮುಂದಿನ ಮನೆಗೆ ಹೋಗುವವರಿದ್ದೆವು. ಹಾಸ್ಟೆಲಿನಲ್ಲಿ ಹುಟ್ಟಿಸಿದ 38 ಜನರಿಗಂತೂ ಎಲ್ಲರಿಗೂ ಒಂದೊಂದು ಫೋನ್ ಕೊಟ್ಟಿದ್ದೆವು.

ಆ ರಾತ್ರಿ ಪ್ರಶ್ನೆಪಟ್ಟಿಯ ಕೊನೆಗೆ ಪೆನ್ನಿನಲ್ಲೇ ಇನ್ನೊಂದು ಪ್ರಶ್ನೆ ಸೇರಿಸಿದೆವು: ಸುದ್ದಿಯನ್ನು ನಿಮಗೆ ಯಾರು ಹೇಳುತ್ತಾರೆ, ನೀವು ಯಾರಿಗೆ ಹೇಳುತ್ತೀರಿ? ಮೊದಲಿನ 82 ಮನೆಗಳಿಗೂ ಈ ಒಂದು ಪ್ರಶ್ನೆ ಹಿಡಿದು ಮತ್ತೆ ಹೋದೆವು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಫೋನ್ ತೆಗೆಯುವವರು ಮೊಮ್ಮಕ್ಕಳು.

ಕ್ಲಾಸಿನ ಮುಂದೆ ನಿಂತು ಮಂಡಿಸಿದ ದಿನ, 120 ಅಂದವರು 117 ಯಾಕೆ ತಂದಿರಿ ಅಂತ ಒಬ್ಬ ಸಹಪಾಠಿ ಕೇಳಿದ. ಇಬ್ಬರು ಊರು ಬಿಟ್ಟು ಕೆಲಸಕ್ಕೆ ಹೋಗಿದ್ದರು, ಇನ್ನೊಬ್ಬರು ಮನೆ ಬಾಗಿಲಿಂದಲೇ ಓಡಿಸಿದರು ಅಂದೆವು. ಹಿಂದಿನ ಸಾಲಿನವರು ನಕ್ಕರು. ಮೇಡಂ ನಗಲಿಲ್ಲ. ಓಡಿಸಿದವರು ಏನಂತ ಬೈದರು, ಅದನ್ನೂ ಬರೆದುಕೊಂಡಿದ್ದೀರಾ ಅಂತ ಕೇಳಿದರು.

ಬರೆದುಕೊಂಡಿದ್ದೆವು. ಕ್ಲಾಸಿನಲ್ಲಿ ಓದುವ ಹಾಗಿರಲಿಲ್ಲ.