ಕುಳ್ಳ ದಪ್ಪ ಮ್ಯುಲರ್

ಶಾಲೆಯಲ್ಲಿ ಮೇಷ್ಟರು ಇಟ್ಟ ಅಡ್ಡಹೆಸರು ಹುಡುಗನಿಗೆ ಆಯುಷ್ಯವಿಡೀ ಅಂಟಿಕೊಳ್ಳುವುದನ್ನು ನಾನು ಬಲ್ಲೆ. ಜರ್ಮನಿಯ ಗೆರ್ಡ್ ಮ್ಯುಲರ್‌ಗೂ ಹಾಗೆಯೇ ಆಯಿತು. 1964ರಲ್ಲಿ ನೋರ್ಡ್‌ಲಿಂಗೆನ್ ಎಂಬ ಸಣ್ಣ ಊರಿನಿಂದ ಬಯರ್ನ್ ಮ್ಯೂನಿಕ್ ತಂಡಕ್ಕೆ ಬಂದ ಆತನನ್ನು ಯುಗೊಸ್ಲಾವಿಯ ಮೂಲದ ತರಬೇತುದಾರ ಚೈಕೊವ್‌ಸ್ಕಿ 'ಕುಳ್ಳ ದಪ್ಪ ಮ್ಯುಲರ್' ಎಂದು ಕರೆದರು. ಅದೂ ವ್ಯಾಕರಣ ತಪ್ಪಿದ ಜರ್ಮನ್‌ನಲ್ಲಿ!

ಆ ಕುಳ್ಳನೇ ಬುಂಡೆಸ್‌ಲಿಗಾದ 427 ಪಂದ್ಯಗಳಲ್ಲಿ 365 ಗೋಲು ಹೊಡೆದ. ದೇಶಕ್ಕಾಗಿ ಆಡಿದ್ದು 62 ಪಂದ್ಯ, ಗೋಲುಗಳು 68. ಇಂಥ ಲೆಕ್ಕವನ್ನು ನಂಬಲು ಎರಡು ಸಲ ಓದಬೇಕಾಗುತ್ತದೆ.

1974ರ ಜುಲೈ 7ರಂದು ಮ್ಯೂನಿಕ್‌ನಲ್ಲಿ ವಿಶ್ವಕಪ್ ಫೈನಲ್. ಎದುರಾಳಿ, ಕ್ರೈಫ್‌ನ ಹಾಲೆಂಡ್. ಜರ್ಮನರ ಕಾಲಿಗೆ ಚೆಂಡು ತಾಗುವ ಮುನ್ನವೇ ಹಾಲೆಂಡ್‌ಗೆ ಪೆನಾಲ್ಟಿ ದೊರೆತು ಗೋಲಾಗಿತ್ತು. ಬ್ರೈಟ್ನರ್ ಅದನ್ನು ಸರಿಗಟ್ಟಿದ. 43ನೆಯ ನಿಮಿಷದಲ್ಲಿ ಬಲಬದಿಯಿಂದ ಬೊನ್‌ಹೋಫ್ ಕೊಟ್ಟ ಚೆಂಡು ಮ್ಯುಲರ್‌ನ ಕಾಲಿಗೆ ತಾಗಿ ಹಿಂದಕ್ಕೆ ಸರಿಯಿತು. ಬೇರೆ ಯಾರಾದರೂ ಆಗಿದ್ದರೆ ಅವಕಾಶ ಕಳೆದುಹೋಯಿತೆಂದು ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಈತ ಗಿಡ್ಡ ಕಾಲುಗಳ ಮೇಲೆ ಥಟ್ಟನೆ ತಿರುಗಿ, ನೆಲಕ್ಕಂಟಿದಂತೆ ಚೆಂಡನ್ನು ಮೂಲೆಗೆ ಕಳುಹಿಸಿದ. ಅದರಲ್ಲಿ ಅಂದವೂ ಇರಲಿಲ್ಲ, ಅಬ್ಬರವೂ ಇರಲಿಲ್ಲ. ಜರ್ಮನಿ 2-1ರಿಂದ ಗೆದ್ದಿತು. ಇಪ್ಪತ್ತೆಂಟರ ವಯಸ್ಸಿಗೇ ಮ್ಯುಲರ್ ರಾಷ್ಟ್ರೀಯ ತಂಡದಿಂದ ನಿವೃತ್ತನಾದ.

1979ರಲ್ಲಿ ಆತ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಅಲ್ಲಿನ ತಂಡವೊಂದಕ್ಕೆ ಆಡಿದ. ಆಟ ಮುಗಿದ ಮೇಲೆ ಊರಿಗೆ ಮರಳಿದವನ ಕೈಗೆ ಕೆಲಸವಿರಲಿಲ್ಲ, ಕುಡಿತ ಅಂಟಿಕೊಂಡಿತು. ಕೀರ್ತಿಗಿಂತಲೂ ಕೀರ್ತಿ ಮುಗಿದ ಮರುದಿನದ ಬೆಳಗನ್ನು ಎದುರಿಸುವುದು ಕಷ್ಟವಿರಬೇಕು. 1991ರಲ್ಲಿ ಹಳೆಯ ಸಂಗಾತಿ ಉಲಿ ಹೋನೆಸ್ ಮುಂತಾದವರು ಆತನನ್ನು ಚಿಕಿತ್ಸೆಗೆ ಸೇರಿಸಿದರು. ಚೇತರಿಸಿಕೊಂಡ ಬಳಿಕ ಬಯರ್ನ್‌ನಲ್ಲೇ ಕಿರಿಯರಿಗೆ ತರಬೇತಿ ಕೊಡುವ ಕೆಲಸ ಕೊಟ್ಟರು. ಅದು ಬರಿಯ ಕರುಣೆಯ ಹುದ್ದೆಯಾಗಿರಲಿಲ್ಲ. ಆತ ಎರಡು ದಶಕಗಳ ಕಾಲ ಮೈದಾನದಲ್ಲೇ ಇದ್ದ. 2010ರ ವಿಶ್ವಕಪ್‌ನಲ್ಲಿ 13ನೆಯ ಸಂಖ್ಯೆಯ ಅಂಗಿ ತೊಟ್ಟು ಮಿಂಚಿದ ಥಾಮಸ್ ಮ್ಯುಲರ್ (ಬಂಧುವಲ್ಲ, ಹೆಸರಷ್ಟೇ ಒಂದು) ಆ ಕಿರಿಯರಲ್ಲೊಬ್ಬ.

2015ರಲ್ಲಿ ಮ್ಯುಲರ್‌ಗೆ ಮರೆವಿನ ಕಾಯಿಲೆ ಆಲ್‌ಜೈಮರ್ ಇದೆಯೆಂದು ಕ್ಲಬ್ ತಿಳಿಸಿತು. 1971-72ರ ಋತುವಿನಲ್ಲಿ ಆತ ಹೊಡೆದಿದ್ದ 40 ಗೋಲುಗಳ ದಾಖಲೆಯನ್ನು 2021ರ ಮೇ ತಿಂಗಳಿನಲ್ಲಿ ಲೆವಾಂಡೊವ್‌ಸ್ಕಿ ಸರಿಗಟ್ಟಿದ. ಆಗ ಆತ ಅಂಗಿಯನ್ನೆತ್ತಿ, ಒಳಗಿನ ಬನಿಯನ್ನಿನ ಮೇಲಿದ್ದ ಗೆರ್ಡ್ ಮ್ಯುಲರ್‌ನ ಚಿತ್ರವನ್ನು ತೋರಿಸಿದ. ಮುಂದಿನ ವಾರ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ 41ನೆಯ ಗೋಲೂ ಬಂತು. ಮ್ಯುಲರ್ ಆಗ ಆರೈಕೆ ಕೇಂದ್ರವೊಂದರ ಹಾಸಿಗೆಯಲ್ಲಿದ್ದ. ಆಗಸ್ಟ್ 15ರಂದು ತೀರಿಕೊಂಡ.